ಅಕ್ಕ ತಿದ್ದಿದ ಪುಟ

ಮೊದಲ ಪುಟದಲ್ಲೇ ಮೂರು ತಪ್ಪು ಸಿಕ್ಕವು. ಅಕ್ಕ ಮೂರನ್ನೂ ಹಾಗೇ ಬಿಟ್ಟಳು.

ಇಪ್ಪತ್ತಾರು ವರ್ಷದಿಂದ ಅದೇ ಮುದ್ರಣಾಲಯದಲ್ಲಿ, ಕಿಟಕಿ ಪಕ್ಕದ ಅದೇ ಮೇಜಿನಲ್ಲಿ ಪ್ರೂಫ್ ತಿದ್ದುತ್ತ ಬಂದವಳು. ಒಂದು ಒತ್ತಕ್ಷರ ತಪ್ಪಿಹೋದರೂ ಅವಳಿಗೆ ಊಟ ಸೇರುತ್ತಿರಲಿಲ್ಲ. ಇವತ್ತು ಬೇಕೆಂದೇ ಬಿಟ್ಟಳು. ಯಾಕೆಂದರೆ ಕಾದಂಬರಿ ತಂಗಿಯದು.

ತಂಗಿ ಹದಿಹರೆಯದವರಿಗೆ ಪ್ರೇಮಕಾದಂಬರಿ ಬರೆಯುತ್ತಾಳೆ. ಮನೆ, ಮೊದಲ ಪ್ರೀತಿ, ದೊಡ್ಡವರಾಗುವ ಸಂಕಟ. ಕಾಲೇಜು ಹುಡುಗಿಯರು ಎದೆಗೊತ್ತಿಕೊಂಡು ಓಡಾಡುತ್ತಾರೆ. ಐದು ಪುಸ್ತಕ ಬಂದಿವೆ. ಐದರಲ್ಲೂ ಒಬ್ಬಳು ಅಕ್ಕ ಇದ್ದಾಳೆ. ಐದರಲ್ಲೂ ಅವಳು ಬಜಾರಿ. ನೆಂಟರ ಮನೆಗೆ ಹೋದರೆ ಮಕ್ಕಳು ಕಿಸಕ್ಕನೆ ನಗುತ್ತವೆ. "ದೊಡ್ಡಮ್ಮಾ, ಇವತ್ತು ಯಾರನ್ನ ಕೋಣೇಲಿ ಕೂಡಿಹಾಕಿದ್ರಿ?"

ಅಮ್ಮ ಸತ್ತಾಗ ತಂಗಿಗೆ ಹನ್ನೊಂದು. ಅವಳಿಗೆ ಜಡೆ ಹೆಣೆದವಳು, ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದವಳು, ತನ್ನ ಓದು ಬಿಟ್ಟು ಈ ಮೇಜಿಗೆ ಬಂದು ಕೂತವಳು ಅಕ್ಕ. ಹದಿನೇಳರಲ್ಲಿ ತಂಗಿ ಗಡಿಯಾರ ರಿಪೇರಿಯವರ ಮಗನನ್ನು ಮೆಚ್ಚಿದಳು. ಅವನು ಹೇಳದೆ ಕೇಳದೆ ಊರು ಬಿಟ್ಟ. ಮೂರು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದವಳಿಗೆ ತುತ್ತು ಮಾಡಿ ತಿನ್ನಿಸಿದ್ದೂ ಅಕ್ಕನೇ. ಇದೊಂದೂ ಯಾವ ಪುಸ್ತಕದಲ್ಲೂ ಇಲ್ಲ.

ಈಗ ಆರನೆಯದು. ಕಟ್ಟನ್ನು ಮೇಜಿನ ಮೇಲಿಡುತ್ತ ಮಾಲೀಕರು ಹೇಳಿದ್ದರು: "ಪ್ರೂಫ್ ನೀವೇ ನೋಡಬೇಕಂತೆ. ನಿಮ್ಮ ತಂಗಿ ಹಟ ಹಿಡಿದು ಕೂತಿದಾರೆ."

"ನನ್ನ ಮುಖಕ್ಕೆ ಮಸಿ ಬಳಿಯೋದಲ್ಲದೆ, ಅದನ್ನ ನನ್ನ ಕೈಲೇ ಬಳಿಸಬೇಕಾ?"

"ಅದು ನೀವು ಅಕ್ಕತಂಗಿಯರ ವಿಷಯ. ನನಗೆ ಗುರುವಾರ ಅಚ್ಚಿಗೆ ಬೇಕು."

ಸರಿ, ಹಾಗಾದರೆ ಹೀಗೇ ಹೋಗಲಿ. 'ಅವಳ ಹೃದಯ ಬಡಿಯಿತು' ಎನ್ನುವಲ್ಲಿ 'ಅವಳ ಹೃದಯ ಬಡಿಸಿತು' ಎಂದಿತ್ತು. ಬಡಿಸಲಿ, ಹೊಟ್ಟೆ ತುಂಬ ಬಡಿಸಲಿ. 'ಕೆನ್ನೆಗೊಂದು ಮುತ್ತು' ಇದ್ದದ್ದು 'ಕೆನ್ನೆಗೊಂದು ಕುತ್ತು' ಆಗಿತ್ತು. ಇರಲಿ. ಹುಡುಗಿಯರು ಬಿದ್ದು ಬಿದ್ದು ನಗಲಿ. ಅಕ್ಕನನ್ನು ಊರಿಗೆಲ್ಲ ಕೆಟ್ಟವಳು ಮಾಡಿದವಳಿಗೆ ಊರೆಲ್ಲ ನಗುವುದು ಎಂದರೇನೆಂದು ಗೊತ್ತಾಗಲಿ.

ಹತ್ತು ಅಧ್ಯಾಯ ಹಲ್ಲು ಕಚ್ಚಿಕೊಂಡಳು. ಕೆಂಪು ಪೆನ್ನಿನ ಮುಚ್ಚಳವನ್ನೂ ತೆಗೆಯಲಿಲ್ಲ.

ಹನ್ನೊಂದನೆಯದರಲ್ಲಿ ತಾಳ್ಮೆ ಕೆಟ್ಟಿತು. ಅಲ್ಲಿದ್ದದ್ದು ಅಕ್ಷರದ ತಪ್ಪಲ್ಲ, ಹಸಿ ಹಸಿ ಸುಳ್ಳು. ಮನೆಯ ಬಾಗಿಲು ಹಸಿರಂತೆ. ನೀಲಿ! ಅಪ್ಪ ಕೆಲಸಕ್ಕೆ ಹೋಗುತ್ತಿದ್ದದ್ದು ಬಸ್ಸಿನಲ್ಲಂತೆ. ಸೈಕಲ್ಲಿನಲ್ಲಿ! ಗಡಿಯಾರದಂಗಡಿ ಹುಡುಗನ ಕಾಗದವಂತೂ ಓದಲಾಗದ ಹಾಗಿತ್ತು. 'ನಾಳೆ ಬೆಳಗ್ಗೆ ರೈಲು ನಿಲ್ದಾಣಕ್ಕೆ ಬಾ. ಬರದಿದ್ದರೆ ನನ್ನನ್ನು ಮರೆತುಬಿಡು.'

ಥೂ. ಅವನು ಅಂಥ ಒರಟನೇ? ಬರೆಯುವವಳಿಗೆ ಸ್ವಲ್ಪವಾದರೂ ಬುದ್ಧಿ ಬೇಡವೇ?

ಪೆನ್ನಿನ ಮುಚ್ಚಳ ಕಿತ್ತಳು. ಹಸಿರನ್ನು ನೀಲಿ ಮಾಡಿದಳು. ಬಸ್ಸನ್ನು ಸೈಕಲ್ ಮಾಡಿದಳು. ಕಾಗದದ ಸಾಲುಗಳ ಮೇಲೆ ಗೆರೆ ಎಳೆದು ಅಂಚಿನಲ್ಲಿ ದುಂಡಗೆ ಬರೆದಳು: 'ಶನಿವಾರ ಸಂಜೆ ಐದಕ್ಕೆ ವಾಚನಾಲಯದ ಹಿಂದಿನ ಮೆಟ್ಟಿಲ ಮೇಲೆ ಕಾಯುತ್ತೇನೆ. ನೀನು ಬರದಿದ್ದರೆ ನಿನಗೆ ಇಷ್ಟವಿಲ್ಲವೆಂದು ತಿಳಿಯುತ್ತೇನೆ. ಕೋಪ ಮಾಡಿಕೊಳ್ಳುವುದಿಲ್ಲ.'

ಒಮ್ಮೆ ತೆರೆದ ಪೆನ್ನು ನಿಲ್ಲಲಿಲ್ಲ. ಮತ್ತೆ ಮೊದಲ ಪುಟಕ್ಕೆ ಹೋದಳು. ಬಡಿಸಿದ ಹೃದಯ ಬಡಿಯಿತು. ಕುತ್ತು ಹೋಗಿ ಮುತ್ತು ಬಂತು. ಸೇಡು ತೀರಿಸಿಕೊಳ್ಳಲಾಗದ ತನ್ನ ಕೈಯನ್ನು ತಾನೇ ಶಪಿಸುತ್ತ ಮುನ್ನೂರು ಪುಟ ತಿದ್ದಿದಳು.

ಮರುದಿನ ಮಧ್ಯಾಹ್ನ ತಂಗಿ ಬಂದಳು. ಮಾಲೀಕರೂ ಪಕ್ಕದಲ್ಲೇ ನಿಂತಿದ್ದರು. ಹೇಗಿದ್ದೀಯ ಎಂದೂ ಕೇಳದೆ ಕಟ್ಟು ಬಿಚ್ಚಿ ನೇರವಾಗಿ ಹನ್ನೊಂದನೆಯ ಅಧ್ಯಾಯ ತೆಗೆದಳು.

"ಎಷ್ಟೊಂದು ಕೆಂಪು, ಅಕ್ಕ."

"ತಪ್ಪು ಬರೆದರೆ ಕೆಂಪೇ ಕಣೇ. ಸ್ವಂತ ಮನೆ ಬಾಗಿಲಿನ ಬಣ್ಣ ಮರೆತವಳು ಕಾದಂಬರಿ ಬರೀತಾಳಂತೆ!"

ತಂಗಿ ಅಂಚಿನ ಸಾಲುಗಳನ್ನು ಓದಿದಳು. ಇನ್ನೊಮ್ಮೆ ಓದಿದಳು. ಪುಟದಿಂದ ತಲೆ ಎತ್ತದೆಯೇ ಕುರ್ಚಿಯಲ್ಲಿ ಕೂತಳು. ಈಗಲಾದರೂ ನಾಚಿಕೆಯಾಯಿತಲ್ಲ ಎಂದು ಅಕ್ಕನಿಗೆ ಒಳಗೊಳಗೇ ಖುಷಿಯಾಯಿತು.

"ಶನಿವಾರವಾ?"

"ಶನಿವಾರನೇ."

"ಸಂಜೆ ಐದಕ್ಕೆ? ಖಂಡಿತಾನಾ?"

"ಒಂದು ಸಲ ಓದಿದ್ದು ನಾನು ಸಾಯೋವರೆಗೂ ಮರೆಯಲ್ಲ. ನಿನ್ನ ಹಾಗಲ್ಲ."

"ಹಾಗಾದ್ರೆ ಈ ಪುಟದ ಕೆಳಗೆ ಸಹಿ ಹಾಕಿಕೊಡು."

ಪ್ರೂಫ್ ತಿದ್ದಿದವರು ಸಹಿ ಹಾಕುವುದು ಅಲ್ಲಿನ ರೂಢಿ. ಅಕ್ಕ ಗತ್ತಿನಿಂದ ಹಾಕಿದಳು. ತಂಗಿ ಪುಟವನ್ನು ಮಾಲೀಕರ ಕೈಗೆ ಕೊಟ್ಟಳು.

"ಇದನ್ನ ಮತ್ತೆ ಟೈಪ್ ಮಾಡಿಸಬೇಡಿ. ಹೀಗೇ, ಅಕ್ಕನ ಕೈಬರಹ, ಕೆಂಪು ಗೆರೆ, ಸಹಿ ಸಮೇತ ಪುಸ್ತಕದಲ್ಲಿ ಅಚ್ಚಾಗಲಿ. ಯಾರು ಬರೆದದ್ದು ಅಂತ ಎಲ್ಲರಿಗೂ ಗೊತ್ತಾಗಲಿ."

ಅಕ್ಕ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದಳು. ಐದು ಪುಸ್ತಕ ಕಳೆದು ಆರನೆಯದರಲ್ಲಿ ಕೊನೆಗೂ ಒಂದು ಮರ್ಯಾದೆ. "ಇಷ್ಟು ವರ್ಷಕ್ಕೆ ಬುದ್ಧಿ ಬಂತಲ್ಲೇ ನಿನಗೆ," ಎಂದಳು.

"ಬಂತು, ಅಕ್ಕ. ಅವನು ನನಗೊಂದು ಕಾಗದ ಬರೆದಿದ್ದ ಅನ್ನೋದೇ ನನಗೆ ಇವತ್ತು ಗೊತ್ತಾಗಿದ್ದು."