ತಳ ಕಾಣಬೇಕಾದ ಬಟ್ಟಲು

ಬಯೂಮಿ ಮತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಒಳಗೆ ಸೀಮೆಎಣ್ಣೆ ಒಲೆ ಬುಸುಗುಡುತ್ತಿತ್ತು. ಹೆಂಡತಿ ಇನ್ಸಾಫ್ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಕಾದಂಬರಿ ಹಿಡಿದಿದ್ದಳು.

“ಒಂಚೂರು ರುಚಿ ನೋಡ್ಲಾ?”

“ಬೇಡ. ಊಟಕ್ಕೆ ಕೂತಾಗ ನೋಡೋರಂತೆ.”

“ಏನೋ ಸೀದ ವಾಸನೆ ಬರ್ತಿದೆ ಕಣೆ.”

“ನಿಮ್ಮ ಎದೆ ಸೀಯ್ತಿರಬೇಕು. ಹೋಗಿ, ಚಿಕ್ಕಪ್ಪ ಒಬ್ಬರೇ ಕೂತಿದಾರೆ.”

ಅವಳು ಹೇಳಿದ್ದು ಸುಳ್ಳಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ತಾಂತಾ ಪೇಟೆಯಲ್ಲಿ ಬಯೂಮಿಯಷ್ಟು ಆಣೆ ಹಾಕುವ ಗಂಡಸು ಇನ್ನೊಬ್ಬನಿರಲಿಲ್ಲ. ಈರುಳ್ಳಿ ಚೌಕಾಸಿಗೂ ‘ಇದಕ್ಕಿಂತ ಹೆಚ್ಚು ಕೊಟ್ಟರೆ ನನ್ನ ಹೆಂಡತಿಗೆ ತಲಾಖ್’ ಅನ್ನುವವನು. ಕಾಫಿ ಅಂಗಡಿಯ ಪಗಡೆಯಾಟಕ್ಕೂ ಅದೇ ಆಣೆ. ಎಷ್ಟೋ ಹೆಂಗಸರು ಬೇಡಿದರೂ ಸಿಗದ ಮಾತು ಇವನ ಬಾಯಿಂದ ಪುಕ್ಕಟೆ ಉದುರುತ್ತಿತ್ತು.

ಎರಡು ಸಲ ಅದು ನಿಜವೂ ಆಗಿತ್ತು. ಮೊದಲನೆಯದು ಒಂದು ಅಂಗಿ ಇಸ್ತ್ರಿಯಾಗದ್ದಕ್ಕೆ. ಎರಡನೆಯದು, ‘ಇಸ್ಮಾಯಿಲಿಯಾಕ್ಕೆ ಕಾಲಿಟ್ಟರೆ ತಲಾಖ್’ ಅಂದಿದ್ದರೂ ಇನ್ಸಾಫ್ ಆ ಊರಲ್ಲಿದ್ದ ತಂಗಿಯ ಬಾಣಂತನಕ್ಕೆ ಹೋಗಿಯೇ ಬಿಟ್ಟಳು. ಎರಡು ಸಲವೂ ಇವನೇ ಓಡಿಹೋಗಿ ಕರೆತಂದ. ತಲಾಖ್ ಆದ ಮೇಲಿನ ಮೂರು ತಿಂಗಳ ಗಡುವಿನೊಳಗೆ ಗಂಡ ಕರೆದರೆ ಹೆಂಡತಿ ಬರಲೇಬೇಕು, ಅದು ಕಟ್ಟಳೆ. ಬಂದಿದ್ದಳು. ಆದರೆ ಮೂರನೆಯದಾದರೆ ಕರೆಯುವ ದಾರಿಯೇ ಇಲ್ಲ, ಮುಗಿಯಿತು.

ಆ ಮೂರನೆಯದರ ಆಣೆ ಮೊನ್ನೆ ಬಾಯಿಂದ ಜಾರಿತ್ತು. ಇನ್ಸಾಫ್ ಕಾದಂಬರಿ ಓದುತ್ತ ಕೂತು ಅನ್ನ ಸೀದುಹೋಗಿತ್ತು. ಎಷ್ಟನೆಯ ಸಲವೋ ಅದೇ ಕಾದಂಬರಿ, ರೈಲಿನ ಗಾರ್ಡನೊಬ್ಬನ ಹೆಂಡತಿಯ ಕಥೆ.

“ಕಾದಂಬರಿ ಓದಿ ಯಾರ ಹೊಟ್ಟೆ ತುಂಬಿದೆ?” ಎಂದು ಬಯೂಮಿ ರೇಗಿದ.

“ತುಂಬುತ್ತೆ. ಇದರಲ್ಲಿ ಅವಳು ಗಂಡನಿಗೆ ಕೆಂಪು ಬೇಳೆಯ ಸಾರು ಮಾಡಿ ಹಾಕ್ತಾಳೆ. ನಾನೂ ಮಾಡಿದ್ರೆ ನೀವು ಬಟ್ಟಲು ನೆಕ್ತೀರಿ.”

“ಮಾಡು. ಅದನ್ನ ನಾನು ಕುಡಿದು ಬಟ್ಟಲ ತಳ ಕಾಣದಿದ್ರೆ ನಿಂಗೆ ತಲಾಖ್, ನೋಡ್ತಿರು.”

ಬೇರೆ ಹೆಂಗಸಾಗಿದ್ದರೆ ಮಾತು ಅಲ್ಲಿಗೇ ಬಿಡುತ್ತಿದ್ದಳು. ಇವಳು ಪುಸ್ತಕ ಮಡಿಸಿ, “ಇದನ್ನೇ ಹಾಜಿ ಚಿಕ್ಕಪ್ಪನ ಮುಂದೆ ಹೇಳಿ” ಎಂದಳು. ಹಟಮಾರಿ. ಇವನಿಗೂ ರೋಷ, ಹೇಳಿಬಿಟ್ಟ. ಮಸೀದಿಯಲ್ಲಿ ಪಾಠ ಹೇಳಿ ಹಣ್ಣಾದ ಹಾಜಿ ದಸೂಕಿ ಗಡ್ಡ ನೀವಿಕೊಂಡು, “ಆಡಿದ್ದು ಆಡಿದ್ದೇ. ಊಟಕ್ಕೆ ನಾನೂ ಬಂದು ಕೂರ್ತೀನಿ” ಎಂದರು.

ಅಂದಿನಿಂದ ಬಯೂಮಿಗೆ ಕೂತಲ್ಲಿ ಕೂರಲಾಗಿಲ್ಲ, ನಿಂತಲ್ಲಿ ನಿಲ್ಲಲಾಗಿಲ್ಲ. ತನ್ನ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಗುಂಡಿ ಕೇಳಿದವರಿಗೆ ದಾರದುಂಡೆ ಕೊಟ್ಟು ಬೈಸಿಕೊಂಡ. ಅವನಿಗೆ ಇನ್ಸಾಫ್ ಬೇಕು. ಅಡುಗೆ ಸುಮಾರು, ಮಾತು ಕಮ್ಮಿ, ನಗು ಇನ್ನೂ ಕಮ್ಮಿ. ಆದರೂ ಅವಳಿಲ್ಲದ ಮನೆಯಲ್ಲಿ ಅವನಿಗೆ ಉಸಿರು ಕಟ್ಟುತ್ತಿತ್ತು. ಇದನ್ನು ಅವಳಿಗೆ ಒಮ್ಮೆಯೂ ಹೇಳಿರಲಿಲ್ಲ. ಹೆಂಡತಿಗೆ ಹೇಳುವುದೇನಿದೆ, ಗೊತ್ತಿರುತ್ತದೆ ಎಂದುಕೊಂಡಿದ್ದ.

ಕುಡಿಯುವವನು ತಾನೇ ಅನ್ನುವುದೊಂದೇ ಧೈರ್ಯ. ಹೇಗಿದ್ದರೂ ಕುಡಿದುಬಿಡುತ್ತೇನೆ. ಆದರೆ ಹೊಟ್ಟೆ ಒಪ್ಪದೆ ಕಕ್ಕಿಬಿಟ್ಟರೆ?

“ಯಾಕೋ, ಬಾಲ ಸುಟ್ಟ ಬೆಕ್ಕಿನ ಹಾಗೆ ತಿರುಗ್ತೀಯ?” ಹಜಾರದಲ್ಲಿ ಕೂತಿದ್ದ ಹಾಜಿ ಕೇಳಿದರು.

“ಅವಳಿಗೆ ಅಡುಗೆ ಅಷ್ಟಕ್ಕಷ್ಟೇ ಚಿಕ್ಕಪ್ಪ. ಈಗ ಹೆದರಿ ಏನು ಮಾಡಿಡ್ತಾಳೋ.”

“ಆಣೆ ಹಾಕಿದ ನಾಲಿಗೇನೇ ಅನುಭವಿಸ್ಲಿ ಬಿಡು.”

ಇನ್ಸಾಫ್ ಸಾರು ತಂದಳು. ಹೊರಗೆ ಹೋಗುವಾಗ ಮಾತ್ರ ತೊಡುವ ಕಡುನೀಲಿ ಉಡುಪು ತೊಟ್ಟಿದ್ದಳು. ಹಿರಿಯರು ಬಂದಿದ್ದಾರಲ್ಲ, ಅದಕ್ಕೇ ಇರಬೇಕು. ಬಟ್ಟಲನ್ನು ಇಟ್ಟವಳು ಎತ್ತಿ ಒರೆಸಿ ಮತ್ತೆ ಇಟ್ಟಳು. ಬಯೂಮಿಗೆ ಕರುಳು ಚುರುಕ್ಕೆಂದಿತು. ಇವಳಿಗೂ ನನ್ನಷ್ಟೇ ಭಯ, ಪಾಪ.

“ಕಾದಂಬರೀಲಿ ಈ ಸಾರು ಮಾಡಿದ ಮೇಲೆ ಏನಾಗುತ್ತೆ?” ಧೈರ್ಯ ತುಂಬಲು ಕೇಳಿದ.

“ಅವಳು ಸುಖವಾಗಿರ್ತಾಳೆ.”

ಒಳ್ಳೆಯ ಶಕುನವೆಂದು ನಗುತ್ತ ಅವನು ಮೊದಲ ಚಮಚ ಬಾಯಿಗಿಟ್ಟ.

ಉಪ್ಪು. ನಾಲಿಗೆ ಸುಟ್ಟಿತು. ಎದುರಿಗೆ ಹಾಜಿಯವರು ಒಂದು ಗುಟುಕಿಗೇ ಕೆಮ್ಮಿ, ತಮ್ಮ ಬಟ್ಟಲು ದೂರ ತಳ್ಳಿ, ನೀರಿಗೆ ಕೈಚಾಚಿದರು. ಇನ್ಸಾಫ್ ಗೋಡೆಗೊರಗಿ ನಿಂತು ಗಂಡನ ಬಾಯನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ.

“ಆಗದಿದ್ರೆ ಬಿಟ್ಬಿಡಿ,” ಎಂದಳು ಮೆಲ್ಲಗೆ.

“ಯಾಕೆ? ಚೆನ್ನಾಗಿದೆ.”

ಚಮಚ ಬಿಟ್ಟು ಬಟ್ಟಲನ್ನೇ ಎತ್ತಿದ. ಕಣ್ಣಲ್ಲಿ ನೀರು ಇಳಿಯಿತು, ಮೂಗಿನಲ್ಲೂ ಇಳಿಯಿತು. ನಡುವೆ ಒಮ್ಮೆ ಎಲ್ಲ ವಾಪಸು ಬಂತು. ಬಾಯಿ ಬಿಗಿಹಿಡಿದು ಮತ್ತೆ ನುಂಗಿದ. ಹುಟ್ಟಿದಾಗಿನಿಂದ ಯಾರಿಗಾಗಿಯೂ ಇಷ್ಟು ಕಷ್ಟಪಟ್ಟಿರಲಿಲ್ಲ ಅವನು. ಕೊನೆಗೆ ಬೆರಳಿಂದ ಬಳಿದು ನೆಕ್ಕಿ, ಬಟ್ಟಲನ್ನು ಹಾಜಿಯವರ ಮುಂದೆ ಬೋರಲು ಹಾಕಿದ.

“ತಳ ಕಂಡಿತು,” ಎಂದರು ಹಾಜಿ. “ತಲಾಖ್ ತಪ್ಪಿತು, ಸಂಸಾರ ಉಳೀತು. ಎಂಥ ಗಂಡನಮ್ಮ ನಿಂಗೆ, ಪುಣ್ಯವಂತೆ.”

ಬಯೂಮಿ ಮುಖ ಒರೆಸಿಕೊಂಡು, ಗೆದ್ದವನಂತೆ ಹೆಂಡತಿಯ ಕಡೆ ನೋಡಿದ. ಅವಳೂ ಅಳುತ್ತಿದ್ದಳು.

“ಮೂರು ಹಿಡಿ ಉಪ್ಪು ಹಾಕಿದ್ದೆ,” ಎಂದಳು ಇನ್ಸಾಫ್. “ಇನ್ನೂ ಎಷ್ಟು ಹಾಕಿದ್ರೆ ನನ್ನ ಬಿಟ್ಬಿಡ್ತಿದ್ರಿ?”