ಸೊಟ್ಟ ಬೆನ್ನಿನ ಮರಿಗಳು

ಅಣ್ಣ ತಮ್ಮನ ಕತ್ತಿನ ಪಟ್ಟಿ ಹಿಡಿದು, ಮೀನುಮರಿಗಳ ತೊಟ್ಟಿಯೊಳಗೆ ಮುಖ ಅದುಮಿದ. ಮೂಗಿಗೆ ನೀರು ನುಗ್ಗಿ ತಮ್ಮನ ತಲೆ ಧಿಮ್ಮೆಂದಿತು. ಮೇಲಕ್ಕೆಳೆದವನೇ ಕೆನ್ನೆಗೆ ಫಟೀರನೆ ಬಿಟ್ಟ.

"ಬಾಯ್ಬಿಡೋ! ನೀರಿಗೆ ಏನು ಸುರಿದೆ? ಒಂದು ಮರಿಯ ಬೆನ್ನಾದ್ರೂ ನೆಟ್ಟಗಿದೆಯೇನೋ?"

"ನಿನ್ನಾಣೆಗೂ ಏನೂ ಸುರಿದಿಲ್ಲ ಅಣ್ಣಾ..."

ಅಣ್ಣ ಮತ್ತೆ ಅದುಮಿದ. ಈ ಸಲ ತಮ್ಮನ ಕಣ್ಣು ತೆರೆದೇ ಇತ್ತು. ಕುಡುಗೋಲಿನಂತೆ ಬಾಗಿದ ಮರಿಗಳು ಅವನ ಮೂಗಿನ ಮುಂದೆಯೇ ಒದ್ದಾಡುತ್ತಿದ್ದವು. ಮುಂದಕ್ಕೆ ಈಜಲು ಹೆಣಗುತ್ತಿದ್ದವು, ಹಿಂದಕ್ಕೆ ಕೊಚ್ಚಿಹೋಗುತ್ತಿದ್ದವು, ಮತ್ತೆ ಹೆಣಗುತ್ತಿದ್ದವು. ಕೊಳವೆಯಿಂದ ನುಗ್ಗುವ ನೀರು ಅವನ ಕೆನ್ನೆಗೂ ರಪರಪನೆ ಬಡಿದು ಕತ್ತನ್ನೇ ತಿರುಚುತ್ತಿತ್ತು. ಗಟ್ಟಿ ಆಳಾದ ತನಗೇ ಹೀಗಾದರೆ, ಮೂಳೆ ಬಲಿಯದ ಈ ಕೂಸುಗಳ ಗತಿಯೇನು?

ತಲೆ ಮೇಲೆ ಬಂದದ್ದೇ ಅವನು ಕೆಮ್ಮುತ್ತ ಕೂಗಿದ. "ವಿಷ ಅಲ್ಲಣ್ಣಾ, ನೀರಿನ ರಭಸ! ಹಗಲೂ ರಾತ್ರಿ ಇದಕ್ಕೆದುರಾಗಿ ಈಜಿ ಈಜಿ ಬೆನ್ನು ಡೊಂಕಾಗಿದೆ. ನೀನು ತಂದು ಕೂರಿಸಿದ ಆ ದೊಡ್ಡ ಪಂಪಿದೆಯಲ್ಲ, ಅದರ ಕೆಲಸ ಇದು! ಬೇಕಾದ್ರೆ ಕೈಯಿಟ್ಟು ನೋಡು."

ಅಣ್ಣ ಹಿಡಿತ ಬಿಡದೆ, ಇನ್ನೊಂದು ಕೈಯನ್ನು ಕೊಳವೆಯ ಬಾಯಿಗೆ ಒಡ್ಡಿದ. ನೀರು ಆ ಕೈಯನ್ನು ಒದ್ದು ಪಕ್ಕಕ್ಕೆಸೆಯಿತು. ಅವನ ಮುಖ ಬಿಳಿಚಿಕೊಂಡಿತು. ಕತ್ತಿನ ಮೇಲಿನ ಬೆರಳುಗಳು ಮೆಲ್ಲಗೆ ಸಡಿಲವಾದವು.

"ಏನಂತೋ? ಒಪ್ಕೊಂಡನಾ?" ಹೊರಗಿನಿಂದ ಅಪ್ಪನ ದನಿ ಗುಡುಗಿತು.

ಅಣ್ಣ ಬಾಗಿಲತ್ತ ನೋಡಿದ. ತಮ್ಮನತ್ತ ನೋಡಿದ.

"ಹೂಂ ಅಪ್ಪಾ, ಒಪ್ಕೊಂಡ," ಎಂದವನೇ, ತಮ್ಮ ಬಾಯಿ ತೆರೆಯುವ ಮೊದಲೇ ಅವನ ತಲೆಯನ್ನು ಮತ್ತೆ ನೀರಿಗೆ ಅದುಮಿದ.