ಕಾಲು ಜಾರಿದ್ದು

ಆಸ್ಪತ್ರೆಯ ಮಂಚದ ಮೇಲೆ ಅಲುಗಾಡದೆ ಮಲಗಿದ್ದ ಮಗಳಿಗೆ ಹೆಜ್ಜೆ ಸದ್ದಿನಲ್ಲೇ ಅವ್ವ ಬಂದಳೆಂದು ತಿಳಿಯಿತು. ಅವ್ವನದು ಕುಂಟು ಕಾಲು. ಮದುವೆಗೆ ಮುಂಚೆ ಹಾಳುಬಾವಿಯ ಕಟ್ಟೆಯಿಂದ ಜಾರಿ ಬಿದ್ದಿದ್ದಳಂತೆ.

"ಸೊಂಟದ ಮೂಳೆ ಮುರಿದಿದೆ," ಎಂದರು ಡಾಕ್ಟರಮ್ಮ. "ದೊಡ್ಡದಾಗಿ ಕೊಯ್ಯಲ್ಲ. ಎರಡು ಸಣ್ಣ ತೂತು ಮಾಡಿ ಸ್ಕ್ರೂ ಹಾಕ್ತೀವಿ."

"ಗಾಯ ಕಾಣ್ತದಾ?" ಅವ್ವ ಕೇಳಿದಳು.

"ಕಡಲೆಕಾಳಿನಷ್ಟು."

"ಕುಂಟು ಉಳೀತದಾ?"

"ಉಳಿಯಲ್ಲ ಅಂತ್ಲೇ ನಮ್ಮ ನಂಬಿಕೆ."

"ಮುಂದಿನ ತಿಂಗಳು ಹಸೆಮಣೆ ಮೇಲೆ ಕೂತ್ಕೋಬೇಕು ಕಣಮ್ಮ."

"ಅಷ್ಟು ಬೇಗ ಆಗಲ್ಲ. ಬಿದ್ದಿದ್ದು ಹೇಗೆ?"

"ತಾರಸಿ ಮೇಲೆ ಹಪ್ಪಳ ಒಣಹಾಕ್ತಿದ್ಲು. ಕಾಲು ಜಾರ್ತು."

ಮಗಳು ಗೋಡೆಯ ಕಡೆ ಮುಖ ತಿರುಗಿಸಿದಳು.

ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ದನಿ ತಗ್ಗಿಸಿದರು. "ಜಾರಿದೋರು ಹೆಂಗೆಂಗೋ ಬೀಳ್ತಾರೆ. ಇವಳು ನೆಟ್ಟಗೆ ಕಾಲಿನ ಮೇಲೇ ಬಿದ್ದಿದ್ದಾಳೆ. ಹಾರಿದೋರಿಗೆ ಮೂಳೆ ಹೀಗೆ ಮುರಿಯುತ್ತೆ. ಮದುವೆ ಇವಳಿಗೆ ಇಷ್ಟ ಇದೆಯಾ?"

ಅವ್ವ ಮಗಳ ಹೊದಿಕೆಯನ್ನು ಎಳೆದು ಸರಿಮಾಡಿದಳು.

"ನಾನು ಬಾವಿಗೆ ಹಾರಿದಾಗ್ಲೂ," ಎಂದಳು ಅವ್ವ, "ನಮ್ಮವ್ವ ಎಲ್ರಿಗೂ ಕಾಲು ಜಾರ್ತು ಅಂತ್ಲೇ ಹೇಳಿದ್ದು."